ಹರ್ಫ್‌ಬಜ್ ಬಳಗಕ್ಕೆ ಕನ್ನಡದಲ್ಲೊಂದು ಬಹಿರಂಗ ಪತ್ರ

ಮಾನ್ಯ ಬೆಹ್ದಾದ್ ಎಸ್ಫಹಬೋದ್ ಅವರಿಗೆ ಹಾಗೂ ಹರ್ಫ್‌ಬಜ್ ತಂತ್ರಾಂಶಕ್ಕಾಗಿ ದುಡಿದ ಎಲ್ಲರಿಗೂ ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ, ನೀವು ಕನ್ನಡ ಬಲ್ಲವರಲ್ಲ. ಆದರೂ ಯಾರಾದರೂ ಇದನ್ನು ಆಂಡ್ರಾಯ್ಡ್ ಫೋನಿನಲ್ಲೋ ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೋ ತೆರೆದರೆ, ಇಲ್ಲಿನ ಒಂದೊಂದು ಒತ್ತಕ್ಷರವನ್ನೂ ಅದರದರ ಜಾಗದಲ್ಲಿ ಕೂರಿಸುವುದು ನೀವು ಬರೆದ ತಂತ್ರಾಂಶ. ಓದುವ ನಮ್ಮವರಿಗೋ ನೀವು ಯಾರೆಂಬುದೇ ತಿಳಿದಿಲ್ಲ. ರಾಜ್ಯೋತ್ಸವದ ಯಾವ ಸನ್ಮಾನದ ಪಟ್ಟಿಯಲ್ಲೂ ನಿಮ್ಮ ಹೆಸರನ್ನು ನಾನು ಕಂಡಿಲ್ಲ. ಹಾಗಾಗಿ ವಿಳಾಸ ನಿಮ್ಮದಾದರೂ ಇದು ನಮ್ಮವರ ಕಿವಿಗೂ ಬೀಳಲೆಂದೇ ಬರೆಯುತ್ತಿದ್ದೇನೆ.

ನೀವು ಮಾಡಿದ ಕೆಲಸ ಏನೆಂದು ಮೊದಲು ಅವರಿಗೆ ಹೇಳಬೇಕು. ‘ಕರ್ನಾಟಕ’ ಎಂದು ಟೈಪ್ ಮಾಡಿದರೆ ಯಂತ್ರದೊಳಗೆ ಉಳಿಯುವುದು ಏಳು ಸಂಕೇತಗಳ ಸಾಲು: ಕ, ರ, ಹಲಂತ, ನ, ಆಕಾರದ ಚಿಹ್ನೆ, ಟ, ಕ. ಅದು ನಾವು ನುಡಿಯುವ ಕ್ರಮ. ಬರೆಯುವ ಕ್ರಮವೇ ಬೇರೆ. ಅಲ್ಲಿ ಅರೆ ರಕಾರ ಅರ್ಕಾವೊತ್ತಾಗಿ, ‘ನಾ’ ಅನ್ನು ದಾಟಿ ಬಲಕ್ಕೆ ಹೋಗಿ ನಿಲ್ಲಬೇಕು. ‘ಸ್ತ್ರೀ’ ಇನ್ನೂ ಕಷ್ಟದ್ದು. ಗುಡಿಸು ಸಕಾರದ ತಲೆಗೆ ಏರಬೇಕು, ತಕಾರ ರಕಾರಗಳು ಒತ್ತಾಗಿ ಕೆಳಗಿಳಿಯಬೇಕು, ದೀರ್ಘ ಮಾತ್ರ ಗುಡಿಸಿನಿಂದ ಬಿಡಿಸಿಕೊಂಡು ಒತ್ತುಗಳೆಲ್ಲ ಮುಗಿದ ಮೇಲೆ ಬಲಗಡೆ ಬರಬೇಕು. ಫಾಂಟಿನಲ್ಲಿ ಇರುವುದು ಬಿಡಿ ಆಕಾರಗಳು ಮತ್ತು ಅವನ್ನು ಬೆಸೆಯುವ ಸೂಚನೆಗಳು. ಸಂಕೇತಗಳ ಕ್ರಮವನ್ನು ಬದಲಿಸಿ, ಆ ಸೂಚನೆಗಳನ್ನು ಸರದಿಯಂತೆ ನಡೆಸಿ, ಯಾವ ಆಕಾರ ಎಲ್ಲಿ ಎಂದು ತೀರ್ಮಾನಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಎರಡನೇ ತರಗತಿಯ ಮಗು ಕಾಗುಣಿತ ತಿದ್ದುತ್ತಾ ಕಲಿಯುವುದನ್ನು ನೀವು ಯಂತ್ರಕ್ಕೆ ಕಲಿಸಿದಿರಿ.

ಇದಿಲ್ಲದ ಕಾಲ ಬಹಳ ಹಿಂದಿನದೇನಲ್ಲ. 2010ರ ಸುಮಾರಿಗೆ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಪುಟ ತೆರೆದರೆ ಸಿಗುತ್ತಿದ್ದದ್ದು ಖಾಲಿ ಚೌಕಗಳ ಸಾಲು. ಒಪೆರಾ ಮಿನಿಯಲ್ಲಿ ಎಲ್ಲೋ ಅಡಗಿದ್ದ ಒಂದು ಸೆಟ್ಟಿಂಗ್ ಹುಡುಕಿ ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದುತ್ತಿದ್ದೆವು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮಿನಲ್ಲಿ ಸರಿಯಾಗಿ ಕಂಡ ಪದ ಇನ್ನೊಂದರಲ್ಲಿ ಒಡೆದು ಕಾಣುತ್ತಿತ್ತು.

ಹೀಗೆ ಒಂದೊಂದು ಪ್ರೋಗ್ರಾಮಿನಲ್ಲಿ ಒಂದೊಂದು ಬಗೆ ಕಾಣುತ್ತಿದ್ದುದಕ್ಕೆ ಕಾರಣ ನಿಮ್ಮ ತಂತ್ರಾಂಶದ ಹುಟ್ಟಿನ ಕಥೆಯಲ್ಲೇ ಇದೆ. 1990ರ ದಶಕದ ಕೊನೆಯಲ್ಲಿ ಫ್ರೀಟೈಪ್ ಯೋಜನೆಯ ಡೇವಿಡ್ ಟರ್ನರ್, ವೆರ್ನರ್ ಲೆಂಬರ್ಗ್ ಮೊದಲಾದವರು ಓಪನ್‌ಟೈಪ್ ಫಾಂಟುಗಳನ್ನು ಓದುವ ಒಂದಷ್ಟು ಕೋಡ್ ಬರೆದರು. ಮುಂದೆ ಫ್ರೀಟೈಪ್ ಅದನ್ನು ಕೈಬಿಟ್ಟಿತು. ರೆಡ್‌ ಹ್ಯಾಟ್‌ನ ಓವನ್ ಟೇಲರ್ ಅದನ್ನು ಅಕ್ಷರ ಜೋಡಿಸುವ ಪ್ಯಾಂಗೊ ಎಂಬ ತಂತ್ರಾಂಶಕ್ಕೆ ತಂದರು, ಟ್ರೋಲ್‌ಟೆಕ್‌ನ ಲಾರ್ಸ್ ಕ್ನೋಲ್ ಮತ್ತು ಸಂಗಡಿಗರು ಪ್ರೋಗ್ರಾಮು ಕಟ್ಟುವ ಕ್ಯೂಟಿ ಎಂಬ ಚೌಕಟ್ಟಿಗೆ ತಂದರು. ಲಿನಕ್ಸ್ ಪ್ರೋಗ್ರಾಮುಗಳಲ್ಲಿ ಕೆಲವು ಅದನ್ನು, ಕೆಲವು ಇದನ್ನು ಬಳಸುತ್ತಿದ್ದವು. ಒಂದೇ ಬೇರಿನ ಕೋಡ್ ಎರಡು ಕಡೆ ಬೆಳೆದು ಎರಡು ಬಗೆಯಾಯಿತು. ಒಂದು ಕಡೆ ತಿದ್ದಿದ ತಪ್ಪು ಇನ್ನೊಂದು ಕಡೆ ಹಾಗೇ ಉಳಿಯುತ್ತಿತ್ತು. 2006ರ ಹೊತ್ತಿಗೆ ಎರಡನ್ನೂ ಒಂದುಗೂಡಿಸುವ ಮಾತಾಯಿತು, ಅದೇ ಹರ್ಫ್‌ಬಜ್. ಆಗ ರೆಡ್‌ ಹ್ಯಾಟ್‌ನಲ್ಲಿದ್ದ ನೀವು ಒಂದುಗೂಡಿಸಿ ಸುಮ್ಮನಾಗಲಿಲ್ಲ, ಮುಂದೆ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆದಿರಿ. ಗೂಗಲ್ ಸೇರಿದ ಮೇಲೂ ಆ ಕೆಲಸ ಬಿಡಲಿಲ್ಲ.

ಕನ್ನಡಿಗರು ನೆನಪಿಡಬೇಕಾದದ್ದು 2012ರ ಕೆಲಸವನ್ನು. ಭಾರತೀಯ ಲಿಪಿಗಳ ಶೇಪಿಂಗ್ ಹೇಗಿರಬೇಕೆಂದು ಮೈಕ್ರೋಸಾಫ್ಟ್ ವಿವರಣೆ ಪ್ರಕಟಿಸಿತ್ತು, ಆದರೆ ಅದು ಅಪೂರ್ಣ. ವಿಂಡೋಸ್‌ನ ಶೇಪಿಂಗ್ ತಂತ್ರಾಂಶ ಯೂನಿಸ್ಕ್ರೈಬ್ ನಿಜಕ್ಕೂ ಮಾಡುವುದೇನು ಎಂಬುದು ಆ ಕಾಗದದಲ್ಲಿ ಪೂರ್ತಿ ಇರಲಿಲ್ಲ, ಅದರ ಕೋಡ್ ಮುಚ್ಚಿದ ಪೆಟ್ಟಿಗೆ. ನೀವು ಹಿಡಿದದ್ದು ಒರೆಹಚ್ಚಿ ನೋಡುವ ದಾರಿ. ವಿಕಿಪೀಡಿಯದಿಂದ ಒಂದೊಂದು ಭಾಷೆಯ ಪದಗಳನ್ನೂ ತೆಗೆದು ಎರಡು ತಂತ್ರಾಂಶಗಳಿಗೂ ಉಣಿಸಿ, ಫಲಿತಾಂಶ ಎಲ್ಲಿ ಬೇರೆಯಾಯಿತೆಂದು ಹುಡುಕಿದಿರಿ. ಕನ್ನಡದ ಪಾಲಿಗೇ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಪದರೂಪಗಳು. ಎಷ್ಟೋ ತಿದ್ದುಪಡಿಗಳ ಟಿಪ್ಪಣಿಯಲ್ಲಿ ಬಂಗಾಳಿ, ಗುಜರಾತಿ, ಕನ್ನಡ, ಮಲಯಾಳಂ ಎಂದು ಸಾಲಾಗಿ, ಎಷ್ಟು ಪಾಸು ಎಷ್ಟು ಫೇಲು ಎಂದು ಬರೆದಿಟ್ಟಿರಿ. ಕನ್ನಡದ ವ್ಯತ್ಯಾಸ ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಅಲ್ಲಿಗೂ ನಿಲ್ಲದೆ ಉಳಿದ ಕೆಲವು ನೂರು ಪದಗಳ ಬೆನ್ನು ಹತ್ತಿದಿರಿ. ಅರ್ಥ ತಿಳಿಯದ ಭಾಷೆಯ ಪದಗಳ ಮೇಲೆ ಇಷ್ಟು ಶ್ರದ್ಧೆ ಇಟ್ಟವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಿಮ್ಮ ಕೋಡಿನಲ್ಲಿ ಲಿಪಿಗಳದೊಂದು ಕೋಷ್ಟಕವಿದೆ, ಅದರಲ್ಲಿ ಕನ್ನಡಕ್ಕೊಂದು ಸಾಲು. ನಮ್ಮ ಹಲಂತದ ಸಂಕೇತ ಯಾವುದು, ಅರ್ಕಾವೊತ್ತು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಒಂದು ಸಾಲಿನಲ್ಲಿದೆ. ಇನ್ನೊಂದು ಕಡೆ ಕನ್ನಡಕ್ಕೆಂದೇ ಬರೆದ ಪುಟ್ಟ ನಿಯಮವೊಂದಿದೆ, ಅದನ್ನು ನೋಡಿದರೆ ನನಗೆ ಮನಸ್ಸು ತುಂಬಿ ಬರುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ ಮುಂತಾದ ಪದಗಳಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ತಿ ನಿಂತು, ಯಕಾರ ಒತ್ತಾಗಬೇಕು. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕೆಂಬುದು ಯೂನಿಕೋಡಿನ ಕಟ್ಟಳೆ. ಆದರೆ ಹಳೆಯ ಕನ್ನಡ ಪಠ್ಯಗಳಲ್ಲಿ ಆ ಸಂಕೇತವನ್ನು ಹಲಂತದ ನಂತರ ಹಾಕಿರುವುದೂ ಉಂಟು. ನೀವು ಅದನ್ನು ತಪ್ಪೆಂದು ತಳ್ಳಲಿಲ್ಲ. ಹಾಗೆ ಬಂದರೆ ಎರಡನ್ನೂ ಅದಲುಬದಲು ಮಾಡಿಕೊಂಡು ಸರಿಯಾಗಿಯೇ ತೋರಿಸು ಎಂದು ಬರೆದಿರಿ. ಯಾರೋ ಎಂದೋ ಟೈಪ್ ಮಾಡಿಟ್ಟ ಪಠ್ಯ ಇಂದಿನ ಪರದೆಯಲ್ಲಿ ಕೆಡದೆ ಕಾಣುವುದು ಅಂಥ ಕೆಲವೇ ಸಾಲುಗಳಿಂದ.

ನಿಮ್ಮ ಜೊತೆಗಾರರನ್ನು ಹೆಸರಿಸದೆ ಮುಂದೆ ಹೋಗಲಾರೆ. ಝೀಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶ ಕಟ್ಟಿದ ಜೊನಾಥನ್ ಕ್ಯೂ ಮೊಜಿಲ್ಲಾದಲ್ಲಿದ್ದುಕೊಂಡು ಹರ್ಫ್‌ಬಜ್ ಅನ್ನು ಫೈರ್‌ಫಾಕ್ಸ್‌ಗೆ ತಂದರು. ಅಮೀರಿ ಎಂಬ ಸುಂದರ ಅರಬ್ಬಿ ಫಾಂಟಿನ ವಿನ್ಯಾಸಕ, ಈಜಿಪ್ಟಿನ ಖಾಲಿದ್ ಹೊಸ್ನಿ ಲಿಬ್ರೆಆಫೀಸಿಗೆ ತಂದರು, ಇಂದಿಗೂ ಇದರ ಹೊಣೆ ಹೊತ್ತವರಲ್ಲಿ ಒಬ್ಬರು. ನಿಮ್ಮ ಬದುಕಿನ ಒಂದು ಸಂಗತಿಯೂ ನಮ್ಮವರಿಗೆ ತಿಳಿದಿರಲಿ. 2020ರ ಜನವರಿಯಲ್ಲಿ ಕುಟುಂಬದವರನ್ನು ನೋಡಲು ಇರಾನಿಗೆ ಹೋದ ನಿಮ್ಮನ್ನು ಅಲ್ಲಿನವರು ತೆಹ್ರಾನಿನಲ್ಲಿ ಬಂಧಿಸಿ, ಎವಿನ್ ಜೈಲಿನ ಒಂಟಿ ಕೋಣೆಯಲ್ಲಿ ಏಳು ದಿನ ಇಟ್ಟು, ಬೇಹುಗಾರನಾಗು ಎಂದು ಒತ್ತಾಯಿಸಿದರು. ಹೊರಬಂದ ಮೇಲೆ ಅದನ್ನು ಜಗತ್ತಿಗೇ ತಿಳಿಸುವ ಧೈರ್ಯ ತೋರಿದಿರಿ. ನಮ್ಮ ಅಕ್ಷರಗಳ ಹಿಂದೆ ಇಂಥ ಮನುಷ್ಯರಿದ್ದಾರೆ.

ಇಷ್ಟೆಲ್ಲಕ್ಕೂ ನೀವು ಒಂದು ಕಾಸು ಕೇಳಲಿಲ್ಲ. ಹರ್ಫ್‌ಬಜ್‌ನ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರುವ ಸರಕಿನೊಳಗೂ ಸೇರಿಸಬಹುದು.

ಇನ್ನು ನಮ್ಮವರ ಕಡೆ ತಿರುಗುತ್ತೇನೆ. ಕೆಲಸ ಮಾಡಿದವರು ನಮ್ಮಲ್ಲೂ ಇದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಕನ್ನಡಿಗರ ಕೈಯಿಂದಲೇ ಬಂದವು. ಆದರೆ ಲಕ್ಷಗಟ್ಟಲೆ ಮಂದಿ ಸಾಫ್ಟ್‌ವೇರ್ ಬರೆಯುವ ಬೆಂಗಳೂರು ನಮ್ಮ ರಾಜಧಾನಿ. ಆ ಲೆಕ್ಕಕ್ಕೆ ಇದು ತೀರಾ ಸಾಲದು. ಪುಸ್ತಕದ ಪುಟ ಕಟ್ಟುವ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳೇ ನಡೆಯುತ್ತಿವೆ. ಫೋನಿನಲ್ಲಿ ಒತ್ತಕ್ಷರ ಕೆಟ್ಟು ಕಂಡರೆ ‘ಕನ್ನಡಕ್ಕೆ ಅನ್ಯಾಯ’ ಎಂದು ಸ್ಟೇಟಸ್ ಹಾಕುತ್ತೇವೆ, ತಿದ್ದಬಲ್ಲವರಿಗೆ ಒಂದು ಮಾತು ತಿಳಿಸುವುದಿಲ್ಲ. ಯಾವ ಪದ, ಯಾವ ಫಾಂಟು, ಯಾವ ಆವೃತ್ತಿ, ಹೇಗೆ ಕಾಣಬೇಕಿತ್ತು ಎಂಬ ನಾಲ್ಕು ವಿವರ ಬರೆದು ಕಳಿಸಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ಕನ್ನಡ ಮೇಷ್ಟ್ರುಗಳೂ ಕರಡು ತಿದ್ದುವವರೂ ಅದನ್ನು ಎಂಜಿನಿಯರುಗಳಿಗಿಂತ ಚೆನ್ನಾಗಿ ಮಾಡಬಲ್ಲರು.

ತಡಮಾಡಬಾರದ ಕೆಲಸವೊಂದು ಈಗಲೇ ಕಾದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು, ಅದೇ ತಿಂಗಳು ಹರ್ಫ್‌ಬಜ್ ಕೂಡ ಯೂನಿಕೋಡ್ 16ಕ್ಕೆ ಹೊಂದಿಕೊಂಡಿತು. ಆದರೆ ಕನ್ನಡಕ್ಕೆ 2012ರಲ್ಲಿ ವಿಕಿಪೀಡಿಯದಿಂದ ಸಿಕ್ಕ ಲಕ್ಷಾಂತರ ಪದಗಳಂತೆ ಈ ಲಿಪಿಗೆ ಸಿದ್ಧ ಪದರಾಶಿ ಇಲ್ಲ. ಅದರ ಸಂಯುಕ್ತಾಕ್ಷರಗಳು ಹೇಗೆ ಕೂಡುತ್ತವೆಂದು ಬಲ್ಲವರು ತಾಳೆಗರಿ ಓದಬಲ್ಲ ನಮ್ಮ ಕರಾವಳಿ, ಮಲೆನಾಡಿನ ವಿದ್ವಾಂಸರು. ಅವರು, ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳು, ಅಕಾಡೆಮಿಗಳು ಕೂಡಿ ಒಂದು ಪದಪಟ್ಟಿಯನ್ನೂ ಪ್ರತಿ ಪದದ ಸರಿಯಾದ ರೂಪದ ಚಿತ್ರವನ್ನೂ ಮುಕ್ತವಾಗಿ ಪ್ರಕಟಿಸಲಿ. ಈ ಸಲ ಪರೀಕ್ಷೆಯ ಪದಗಳು ನಮ್ಮಿಂದಲೇ ಹೋಗಲಿ.

ಇಂತಿ,
ನಿಮ್ಮ ಕೆಲಸದಿಂದ ದಿನವೂ ಕನ್ನಡ ಓದುವ ಒಬ್ಬ ಕನ್ನಡಿಗ