ಮನೆ ಎಳೆಯುವ ಷಡ್ಡಕರು

ಅಮೆರಿಕದ ಕನ್ನಡಿಗರಲ್ಲಿ ಒಂದು ಜಾತಿಯ ಗೃಹಸ್ಥರಿದ್ದಾರೆ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಮ್ಮ ಪಕ್ಕ ನಿಲ್ಲುತ್ತಾರೆ. ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುವ ಮೊದಲೇ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಾವು ಒಂದು ನೂರೆಂಬತ್ತು ಪೌಂಡ್ ಬರ್ತೀರಾ?" ಎಂದು ಕೇಳುತ್ತಾರೆ. ಅವರು ಡಾಕ್ಟರೂ ಅಲ್ಲ, ಜಿಮ್ ಇಟ್ಟವರೂ ಅಲ್ಲ. ಅವರ ಹತ್ತಿರ ಒಂದು ಟ್ರೇಲರ್ ಇದೆ. ಬೇಸಿಗೆ ರಜೆಗೆ ನಿಮ್ಮನ್ನು ಕರೆಯೋಣವೋ ಬೇಡವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾರೆ.

ಇಂಥವರೊಬ್ಬರು ನನಗೆ ಷಡ್ಡಕರಾಗಿ ಒದಗಿದ್ದಾರೆ. ಹೆಂಡತಿಯ ಅಕ್ಕನ ಗಂಡ, ಆಡುವಂತಿಲ್ಲ, ಅನುಭವಿಸುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡೆನ್ವರಿಗೆ ಬಂದ ಹೊಸತರಲ್ಲಿ ಅವರೂ ಎಲ್ಲರ ಹಾಗೆ ಹಳೇ ಕ್ಯಾಮ್ರಿ ಓಡಿಸಿಕೊಂಡಿದ್ದರು. ಮಕ್ಕಳಾದ ಮೇಲೆ ಮಿನಿವ್ಯಾನ್ ಬಂತು. ಅತ್ತೆ-ಮಾವ ಬಂದು ಆರಾರು ತಿಂಗಳು ಇರತೊಡಗಿದ ಮೇಲೆ ಎಂಟು ಸೀಟಿನ ಷೆವ್ರೊಲೆ ಸಬರ್ಬನ್ ಬಂತು. 1935ರಿಂದ ಇದೇ ಹೆಸರಿನಲ್ಲಿ ತಯಾರಾಗುತ್ತಿರುವ ಗಾಡಿ. ನಮ್ಮ ಊರಿನ ಎಷ್ಟೋ ಓಣಿಗಳಲ್ಲಿ ಅದು ಒಳಗೆ ಹೋದರೆ ಜನ ಹೊರಗೆ ಬರಲಾಗದು. ಸಂಸಾರಸ್ಥರಿಗೆ ಅಷ್ಟು ಸಾಕಿತ್ತು. ಆದರೆ ಅದರ ಹಿಂದಿನ ಬಂಪರಿನ ಕೆಳಗೆ ಹಿಚ್, ಅಂದರೆ ಟ್ರೇಲರ್ ಎಳೆಯುವ ಕೊಂಡಿ, ಸಿಕ್ಕಿಸುವ ಒಂದು ಚೌಕದ ತೂತಿತ್ತು. ಷಡ್ಡಕರು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ತೂತನ್ನೇ ನೋಡುತ್ತ ನಿಲ್ಲುತ್ತಿದ್ದರು. "ಎಳೆಯೋ ಶಕ್ತಿ ಇರೋ ಗಾಡೀನ ಸುಮ್ಮನೆ ಖಾಲಿ ಓಡಿಸ್ತಿದೀವಲ್ಲ," ಎಂಬ ಕೊರಗು ಶುರುವಾಯಿತು. ಕೊನೆಗೆ 28 ಅಡಿಯ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಮನೆಗೆ ಬಂತು.

ಮನೆಗೆ ಬಂತು ಎಂದದ್ದು ಬಾಯಿಮಾತಿಗೆ. ಅವರ ಬಡಾವಣೆಯ ಸಂಘ ಟ್ರೇಲರನ್ನು ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ. ಹಾಗಾಗಿ ಅದು ಊರಾಚೆಯ ಬೇಲಿಯೊಳಗೆ ತಿಂಗಳ ಬಾಡಿಗೆಗೆ ನಿಂತಿರುತ್ತದೆ. ಇರುವ ಮನೆಗೆ ಸಾಲದ ಕಂತು, ಇಲ್ಲದ ಮನೆಗೆ ಬಾಡಿಗೆ! ಚಳಿಗಾಲಕ್ಕೆ ಮೊದಲು ಅದರ ಕೊಳಾಯಿಗಳು ಒಡೆಯದಿರಲೆಂದು ಗುಲಾಬಿ ಬಣ್ಣದ ಆಂಟಿಫ್ರೀಜ್ ಕುಡಿಸಿ ಬರುತ್ತಾರೆ. ಸ್ವಂತ ಮಕ್ಕಳಿಗೆ ಜ್ವರದ ಸಿರಪ್ ಕುಡಿಸುವಾಗಲೂ ಅವರ ಮುಖದಲ್ಲಿ ಅಷ್ಟು ಕಾಳಜಿ ಕಂಡದ್ದಿಲ್ಲ ಎಂದು ಅತ್ತಿಗೆ ಹೇಳುತ್ತಾರೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ತೂಕದ ವಿಚಾರ. ಸಬರ್ಬನ್ನಿನ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಒಂದು ಚೀಟಿ ಅಂಟಿಸಿದ್ದು ಕಾಣುತ್ತದೆ. ಕೂರುವ ಜನ, ತುಂಬುವ ಸಾಮಾನು ಸೇರಿ ಇಷ್ಟು ಪೌಂಡು ಮೀರಕೂಡದು ಎಂದು ಅದರಲ್ಲಿ ಬರೆದಿದೆ. ಇವರ ಗಾಡಿಯದು 1,620. ಎಂಟು ಸಾವಿರ ಪೌಂಡು ಎಳೆಯುತ್ತದೆ ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವವರು ಈ ಚೀಟಿಯ ಸುದ್ದಿ ಎತ್ತುವುದಿಲ್ಲ. ಸಾಮಾನು ತುಂಬಿದ ಟ್ರೇಲರ್ 6,500 ಪೌಂಡು ಎಂದಿಟ್ಟುಕೊಳ್ಳಿ. ಅದರ ತೂಕದಲ್ಲಿ ಶೇ. 10ರಿಂದ 15ರಷ್ಟು ಅದರ ಮೂತಿಯ ಮೂಲಕ ಎಳೆಯುವ ಗಾಡಿಯ ಮೇಲೆ ಕೂರಬೇಕು. ಇದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಶೇ. 13 ಹಿಡಿದರೂ 845 ಆಯಿತು. ಹಿಚ್ ತಾನೇ ನೂರು ಪೌಂಡು. ಉಳಿದದ್ದು 675. ಅಷ್ಟರೊಳಗೆ ಆರು ಜನ ದೊಡ್ಡವರು, ಇಬ್ಬರು ಮಕ್ಕಳು ಮತ್ತು ಅತ್ತೆಯವರ ಉಪ್ಪಿನಕಾಯಿ ಜಾಡಿ!

ಯೆಲ್ಲೋಸ್ಟೋನಿಗೆ ಹೊರಡುವ ಹಿಂದಿನ ದಿನ ಷಡ್ಡಕರು ತೂಕದ ರಿಹರ್ಸಲ್ ಇಟ್ಟುಕೊಂಡರು. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿಗಳನ್ನು ತೂಗುವ ಕಾಟಾ ಇರುತ್ತದೆ. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು, ಮೂರಕ್ಕೂ ಬೇರೆ ಬೇರೆ ಹಾಸು. ಎಂಟೂ ಜನ ಕಡ್ಡಾಯವಾಗಿ ಹಾಜರಿರಬೇಕು, ಪ್ರಯಾಣದ ದಿನ ಹಾಕುವ ಬೂಟನ್ನೇ ಹಾಕಿರಬೇಕು ಎಂದು ಅಪ್ಪಣೆಯಾಯಿತು. ಹಿಂದೆ ಮುಂದೆ ಹದಿನೆಂಟು ಚಕ್ರದ ಲಾರಿಗಳು ಸಾಲುಗಟ್ಟಿ ನಿಂತಿವೆ. ನಡುವೆ ನಾವು, ಮದುವೆ ದಿಬ್ಬಣದವರಂತೆ ಒತ್ತಿಕೊಂಡು ಕೂತಿದ್ದೇವೆ. ನನ್ನ ಹೆಂಡತಿ, "ಭಾವ, ನಾನು ಇಲ್ಲೇ ಇಳಿದುಬಿಡ್ತೀನಿ," ಎಂದಳು.

"ನೀನು ಇಳಿದರೆ ಲೆಕ್ಕ ತಪ್ಪತ್ತಮ್ಮ. ಇಲ್ಲಾಂದ್ರೆ ಎಷ್ಟಿದೀಯ ಅಂತ ಹೇಳಿಬಿಡು, ಕೂಡಿಸ್ಕೋತೀನಿ."

"ನಮ್ಮನೆಯವರಿಗೇ ಹೇಳಿಲ್ಲ, ನಿಮಗೆ ಹೇಳ್ತೀನಾ?"

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ತೂಕದ ಚೀಟಿ ಕೈಗೆ ಬಂದಮೇಲೆ ಷಡ್ಡಕರು ಖಾಲಿ ಗಾಡಿಯ ಹಳೇ ಚೀಟಿ ತೆಗೆದು, ಅವರವರ ತೂಕ ಒಂದೊಂದಾಗಿ ಕಳೆಯುತ್ತ ಬಂದು, "ಉಳಿದದ್ದು ನಿಂದೇ ಅಲ್ವೇನಮ್ಮ," ಎಂದು ಎಲ್ಲರೆದುರು ಓದಿದರು. ಅವಳು ವಯೋಮಿಂಗ್ ಗಡಿ ದಾಟುವವರೆಗೂ ಅವರೊಂದಿಗೆ ಮಾತಾಡಲಿಲ್ಲ. ಆ ಸಂಖ್ಯೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದು ಪ್ರಮಾಣ ಮಾಡಿದ್ದೇನೆ. ನನ್ನ ಸಂಖ್ಯೆ ಬಂದಾಗ ಷಡ್ಡಕರು ಏನೂ ಅನ್ನಲಿಲ್ಲ; ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಲೆಕ್ಕದ ತೀರ್ಪು ಹೀಗಾಯಿತು: ನಾವಿಬ್ಬರೂ ನಮ್ಮ ಕೊರೊಲಾದಲ್ಲಿ ಹಿಂದೆ ಬರಬೇಕು. ಸಬರ್ಬನ್ನಿನ ಡಿಕ್ಕಿಯಲ್ಲಿದ್ದ ಅಕ್ಕಿ, ಬೇಳೆ, ಕುಕ್ಕರು, 110 ವೋಲ್ಟಿನ ಮಿಕ್ಸಿ ಎಲ್ಲ ಟ್ರೇಲರಿಗೆ ಹೋಗಬೇಕು. ರಾತ್ರಿಯೇ ಅದನ್ನೆಲ್ಲ ಟ್ರೇಲರಿನ ಹಿಂತುದಿಯಲ್ಲಿದ್ದ ಮಕ್ಕಳ ಮಂಚದ ಕೆಳಗೆ ಪೇರಿಸಿದರು.

ವಯೋಮಿಂಗಿನ ಗಾಳಿ ಲಾರಿ ಡ್ರೈವರುಗಳನ್ನೂ ಅಂಜಿಸುತ್ತದೆ. ಲಾರಮಿಯಿಂದ ರಾಲಿನ್ಸಿಗೆ ಹೋಗುವ ಐ-80 ಹೆದ್ದಾರಿಯಲ್ಲಿ, ಎಲ್ಕ್ ಮೌಂಟನ್ ಹತ್ತಿರ, ಹಗುರವಾದ ಎತ್ತರದ ವಾಹನಗಳಿಗೆ ರಸ್ತೆಯನ್ನೇ ಮುಚ್ಚುವ ದಿನಗಳುಂಟು. ಅವತ್ತು ಮುಚ್ಚಿರಲಿಲ್ಲ. ನಾನು ಹಿಂದಿನಿಂದ ನೋಡುತ್ತಿದ್ದ ಹಾಗೆಯೇ ಟ್ರೇಲರಿನ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡತೊಡಗಿತು. ಆಟ ಹೆಚ್ಚಿತು. ನನ್ನ ಬಾಯಿ ಒಣಗಿತು. ಇಂಥ ಹೊತ್ತಿನಲ್ಲಿ ಗಾಬರಿಯಿಂದ ಬ್ರೇಕ್ ತುಳಿದರೆ ಟ್ರೇಲರ್ ಮುಂದಿನ ಗಾಡಿಯನ್ನೇ ತಿರುಗಿಸಿ ಬಿಸಾಡಬಹುದು. ಡ್ಯಾಶ್‌ಬೋರ್ಡಿನಲ್ಲಿ ಟ್ರೇಲರಿನ ಬ್ರೇಕಿಗೆಂದೇ ಒಂದು ಸಣ್ಣ ಲಿವರ್ ಇರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಕೈಯಿಂದ ಅದೊಂದನ್ನೇ ಒತ್ತಬೇಕು. ಷಡ್ಡಕರು ಹಾಗೇ ಮಾಡಿದರು. ಹಿಂದಿನ ಮನೆ ಜಗ್ಗಿ ಹಿಡಿದಂತಾಗಿ ಸಾಲಿಗೆ ಬಂತು. ಇಷ್ಟು ವರ್ಷ ನಾನು ನಕ್ಕಿದ್ದ ಅವರ ಪಾಠಗಳೆಲ್ಲ ಆ ನಾಲ್ಕು ಸೆಕೆಂಡಿಗಾಗಿ ಇದ್ದವು ಎಂದು ಅರ್ಥವಾಯಿತು.

ಮುಂದಿನ ನಿಲುಗಡೆಯಲ್ಲಿ ಹಿಚ್ಚು, ಅದರ ಸ್ಪ್ರಿಂಗ್ ಬಾರುಗಳು, ಟೈರು ಎಲ್ಲ ಪರೀಕ್ಷೆಯಾದವು. ತಪ್ಪು ಸಿಗಲಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿ ಎತ್ತಿನಗಾಡಿ ಹೊಡೆದು ದೊಡ್ಡವರಾದ ನಮ್ಮ ಮಾವನವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, "ಹಿಂಭಾರ ಆಗಿದೆ ಅಳಿಯಂದಿರೇ," ಎಂದರು. "ಗಾಡಿ ಹಿಂಭಾರ ಆದ್ರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಕಟ್ಟತ್ತೆ. ಮುಂಭಾರ ಆದ್ರೆ ಹೆಗಲು ಮುರಿಯತ್ತೆ. ಮೂಟೆ ಒಂಚೂರು ಮುಂದಕ್ಕೆ ಹಾಕಿ." ಹಿಂದೆ ಪೇರಿಸಿದ ದಿನಸಿ ಮೂತಿಯ ಭಾರವನ್ನು ಎತ್ತಿಬಿಟ್ಟಿತ್ತು. ಅಕ್ಕಿ ಮೂಟೆ, ಕುಕ್ಕರು ಚಕ್ರದ ಮುಂದಕ್ಕೆ ಬಂದವು. 40 ಗ್ಯಾಲನ್ ನೀರಿನ ಟ್ಯಾಂಕೂ ಹಿಂದೆಯೇ ಇದ್ದದ್ದರಿಂದ ಅದನ್ನು ಖಾಲಿ ಮಾಡಿದರು, 330 ಪೌಂಡು ಇಳಿಯಿತು. ಆಮೇಲೆ ಟ್ರೇಲರ್ ಸಾಧುವಾಗಿ ಹಿಂದೆ ಬಂತು. ಮಾವನವರ ತೂಕವನ್ನು ಷಡ್ಡಕರು ಆಮೇಲೆ ಎಂದೂ ಕೇಳಿಲ್ಲ.

ಷಡ್ಡಕರ ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಗಂಟೆಗೆ 60 ಮೈಲಿ ದಾಟುವುದಿಲ್ಲ. ಗ್ಯಾಲನ್ನಿಗೆ ಒಂಬತ್ತು ಮೈಲಿ ಸಿಕ್ಕರೆ ಮಗ ಪಾಸಾದಷ್ಟು ಸಂತೋಷ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇಳಿದು ಟ್ರೇಲರಿನ ಚಕ್ರದ ಗುಂಬಗಳನ್ನು ಕೈಯಲ್ಲಿ ಮುಟ್ಟಿ ಬಿಸಿ ನೋಡುತ್ತಾರೆ. ಹಿಚ್ಚಿನ ಕೆಳಗೆ ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಕಿದ್ದೇನೆ, ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳುವುದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಾರೆ. ಕ್ಯಾಂಪಿನಲ್ಲಿ ಯಾರಾದರೂ ಏಸಿ, ಮೈಕ್ರೋವೇವ್ ಎರಡೂ ಓಡುವಾಗ ಚಟ್ನಿಗೆಂದು ಮಿಕ್ಸಿ ಹಾಕಿದರೆ 30 ಆಂಪಿಯರಿನ ಬ್ರೇಕರ್ ಬೀಳುತ್ತದೆ, ಕತ್ತಲಲ್ಲಿ ಅವರ ದನಿ ಕೇಳುತ್ತದೆ: "ಯಾರದು ಚಟ್ನಿ?"

ರಿವರ್ಸ್ ಹಾಕುವುದು ಮಾತ್ರ ಸಾರ್ವಜನಿಕ ಕಾರ್ಯಕ್ರಮ. ಕ್ಯಾಂಪಿನ ಸುತ್ತಮುತ್ತಲಿನವರು ಮಡಚುವ ಕುರ್ಚಿ ನಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಸ್ಟೀರಿಂಗಿನ ಕೆಳತುದಿ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿದರಾಯಿತು, ಸೂತ್ರ ಅಷ್ಟೇ. ಆದರೆ ಹಿಂದೆ ಅತ್ತಿಗೆ "ಎಡಕ್ಕೆ" ಎನ್ನುತ್ತಾರೆ, ಮಾವನವರು "ಬರ್ಲಿ, ಬರ್ಲಿ" ಎನ್ನುತ್ತಾರೆ, ಅತ್ತೆಯವರು "ಮರ ಇದೆ ಕಣ್ರೋ" ಎಂದು ಕೂಗುತ್ತಾರೆ. ನಾನು ಬಸ್ ಕಂಡಕ್ಟರನಂತೆ "ಹೋಲ್ಡಾನ್!" ಎಂದು ಅರಚುತ್ತೇನೆ. ಮುಂದೆ ಹೋಗಿ ಮತ್ತೆ ಹಿಂದೆ ಬಂದು, ದಂಪತಿಗಳ ನಡುವೆ ಇಪ್ಪತ್ತು ವರ್ಷದ ಹಳೇ ಬಾಕಿಗಳೆಲ್ಲ ಲೆಕ್ಕಕ್ಕೆ ಬಂದು, ಟ್ರೇಲರ್ ಕೊನೆಗೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕುರ್ಚಿಯವರು ಚಪ್ಪಾಳೆ ತಟ್ಟುತ್ತಾರೆ.

ಯೆಲ್ಲೋಸ್ಟೋನಿನಲ್ಲಿ ನಾವು ತಂಗಿದ್ದು ಫಿಷಿಂಗ್ ಬ್ರಿಜ್ ಬಳಿ. ಗ್ರಿಜ್ಲಿ ಕರಡಿಗಳು ಓಡಾಡುವ ಜಾಗವಾದ್ದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಆ ನಿಯಮ ಓದಿದಾಗ ಷಡ್ಡಕರ ಎದೆ ಉಬ್ಬಿದ್ದನ್ನು ನೋಡಬೇಕಿತ್ತು. ಓಲ್ಡ್ ಫೇತ್‌ಫುಲ್ ಗೀಸರ್ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ನಾವೆಲ್ಲ ಅದನ್ನು ನೋಡಲು ಕೊರೊಲಾದಲ್ಲಿ ಎರಡು ಪಾಳಿಯಾಗಿ ಹೋಗಿ ಬಂದೆವು. ಷಡ್ಡಕರು ಎರಡೂ ಪಾಳಿಯಲ್ಲಿ ಇರಲಿಲ್ಲ. ನೀಲಿ ಗ್ಲೌಸ್ ತೊಟ್ಟು, ದಪ್ಪ ಪೈಪು ಹಿಡಿದು ಶೌಚದ ಟ್ಯಾಂಕ್ ಖಾಲಿ ಮಾಡುತ್ತಿದ್ದರು. ಮೊದಲು ಅದು, ಆಮೇಲೆ ಪೈಪು ತೊಳೆದುಹೋಗಲೆಂದು ಬಚ್ಚಲ ನೀರಿನ ಟ್ಯಾಂಕ್. ಈ ಕ್ರಮ ತಪ್ಪಕೂಡದು. ಮುಗಿಸಿ ಬಂದರೆ ಅತ್ತೆಯವರು ಸ್ನಾನವಾಗದೆ ಒಲೆಯ ಹತ್ತಿರ ಬಿಡುವುದಿಲ್ಲ. ಬಿಸಿನೀರಿನ ಬಾಯ್ಲರ್ ಆರೇ ಗ್ಯಾಲನ್; ಅದನ್ನು ಅಷ್ಟರಲ್ಲಿ ಮಕ್ಕಳು ಮುಗಿಸಿರುತ್ತಾರೆ. ತಣ್ಣೀರು ಸುರಿದುಕೊಂಡು ನಡುಗುತ್ತ ಬಂದು, "ಗೀಸರ್ ಹೆಂಗಿತ್ತು? ವಿಡಿಯೊ ತೋರ್ಸಿ," ಎಂದರು.

ಇಷ್ಟು ಕಷ್ಟ ಯಾಕೆ, ಹೋಟೆಲಿನಲ್ಲಿ ಮೂರು ರೂಮು ಹಿಡಿಯಬಾರದೆ ಎಂದು ನಾನು ಅತ್ತಿಗೆಯನ್ನು ಕೇಳಿದೆ. ಹಿಂದೊಮ್ಮೆ ಹಾಗೇ ಹೋಗಿದ್ದರಂತೆ. ಹೊರಗಿನದು ಮುಟ್ಟದ ಅತ್ತೆಯವರು ಪ್ರವಾಸ ಪೂರ್ತಿ ಬಾಳೆಹಣ್ಣು, ಮೊಸರಿನಲ್ಲೇ ಕಳೆದರಂತೆ. ಮಂಡಿನೋವಿನ ಮಾವನವರು ದಾರಿಯಲ್ಲಿ ಶೌಚಕ್ಕೆ ಎಲ್ಲಿ ನಿಲ್ಲಿಸಬೇಕಾದೀತೋ ಎಂಬ ಸಂಕೋಚಕ್ಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದರಂತೆ. ಊರಿಗೆ ಬಂದವರೇ ಷಡ್ಡಕರು ಆ ಚೌಕದ ತೂತಿನ ಅಳತೆ ತೆಗೆದರಂತೆ. ಅಂದರೆ ನಾನು ಶೋಕಿ ಎಂದುಕೊಂಡಿದ್ದ 6,500 ಪೌಂಡಿನಲ್ಲಿ ಹೆಚ್ಚಿನದು ಒಂದು ಅಡುಗೆಮನೆ, ಒಂದು ಬಚ್ಚಲು. ಎರಡೂ ಹೆಂಡತಿಯ ತಂದೆತಾಯಿಗೆ. ಯೆಲ್ಲೋಸ್ಟೋನ್ ಸರೋವರದ ದಂಡೆಯಲ್ಲಿ ಅತ್ತೆಯವರು ಬಿಸಿಬೇಳೆಬಾತ್ ಬಡಿಸಿದಾಗ ನಾನು ಎರಡನೇ ಸಲ ಹಾಕಿಸಿಕೊಂಡೆ. ಷಡ್ಡಕರು ತೂಕದ ಮಾತೆತ್ತಲಿಲ್ಲ, ತುಪ್ಪದ ಮಿಳ್ಳೆ ಮುಂದೆ ತಳ್ಳಿದರು.

ನಿಮ್ಮ ನೆಂಟರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕರೆದರೆ ಹೋಗಿ. ತೂಕ ಕೇಳಿದರೆ ನಿಜ ಹೇಳಿ. ಮೂಟೆಯನ್ನು ಚಕ್ರದ ಮುಂದಕ್ಕೆ ಇಡಿ. ರಿವರ್ಸ್ ಹಾಕುವಾಗ ಅವರ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಿ, ಒಬ್ಬರೇ ಮಾತಾಡಿ. ಮತ್ತೆ ಒಂದು ದಿನವಾದರೂ ಆ ನೀಲಿ ಗ್ಲೌಸ್ ನೀವು ಹಾಕಿಕೊಂಡು, ಅವರನ್ನು ಗೀಸರ್ ನೋಡಲು ಕಳಿಸಿ.