ಮೇಟಿ-ವಿಮಾನ ಸಂಬಂಧ ನಿರ್ಣಯ: ಸರಗೂರು ಸೀಮೆಯ ಒಂದು ಅಧ್ಯಯನ

ತಂತಿ ಕಟ್ಟಿ ಹಾರಿಸುವ ಪುಟ್ಟ ವಿಮಾನ, ಅಂದರೆ ಕಂಟ್ರೋಲ್ ಲೈನ್ ವಿಮಾನ, ಅಮೆರಿಕದ ಒರೆಗಾನ್‌ನಲ್ಲಿ ಹುಟ್ಟಿತೆಂದು ಪಾಶ್ಚಾತ್ಯರು ನಂಬಿದ್ದಾರೆ. ಜಿಮ್ ವಾಕರ್ ಎಂಬಾತ 1940ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಓಬಾ ಸೇಂಟ್ ಕ್ಲೇರ್ ಎಂಬ ಇನ್ನೊಬ್ಬ ಅದಕ್ಕೂ ಮೊದಲೇ ಹಾರಿಸಿದ್ದನೆಂದು ಗೊತ್ತಾಗಿ, ನ್ಯಾಯಾಲಯ ಆ ಪೇಟೆಂಟನ್ನು ತಳ್ಳಿಹಾಕಿತು. ಸಾಕ್ಷಿಗೆ ಕಪಿಲೆ ದಂಡೆಯ ಸರಗೂರಿನಿಂದ ಒಂದು ಜೊತೆ ಎತ್ತು ಕರೆಸಿದ್ದರೆ ಇಬ್ಬರ ಹಕ್ಕೂ ವಜಾ ಆಗುತ್ತಿತ್ತು.

ಪ್ರಮಾಣ: ರಾಗಿ ಕಣದ ನಡುವೆ ಮೇಟಿ, ಮೇಟಿಗೆ ಹಗ್ಗ, ಹಗ್ಗದ ತುದಿಗೆ ಎತ್ತು, ಎತ್ತು ಸುತ್ತುತ್ತದೆ. ಮೈದಾನದ ನಡುವೆ ಹುಡುಗ, ಅವನ ಕೈಹಿಡಿಗೆ ಎರಡು ಉಕ್ಕಿನ ತಂತಿ, ತುದಿಗೆ ಬಾಲ್ಸಾ ಮರದ ವಿಮಾನ, ಅದೂ ಸುತ್ತುತ್ತದೆ. ಎತ್ತು ಸಗಣಿ ಹಾಕುತ್ತದೆ, ವಿಮಾನದ ಎಂಜಿನ್ ಹರಳೆಣ್ಣೆ ಉಗುಳುತ್ತದೆ. ಉಳಿದಂತೆ ಭೇದವಿಲ್ಲ.

ಆಕ್ಷೇಪ: ಎತ್ತು ಲಾಗ ಹಾಕುವುದಿಲ್ಲವಲ್ಲ? ಸಮಾಧಾನ: ಅದಕ್ಕಿರುವುದು ಒಂದೇ ಹಗ್ಗ. ಎರಡಿದ್ದರೆ ಒಂದನ್ನೆಳೆದಾಗ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಕೋಲು ತಿರುಗಿ, ಬಾಲದ ಪಟ್ಟಿ ಎದ್ದು, ಮೂತಿ ಮೇಲಾಗುತ್ತದೆ; ಇನ್ನೊಂದನ್ನೆಳೆದರೆ ಕೆಳಗೆ. ಎತ್ತಿಗೆ ಈ ಸವಲತ್ತು ಯಾರೂ ಕೊಟ್ಟಿಲ್ಲ.

ಕಲಿಕೆ ಶಾಸ್ತ್ರೋಕ್ತ. ತಲೆ ಸುತ್ತುವುದು ನಿಲ್ಲುವ ತನಕ ಬರೀ ಮಟ್ಟಸ ಪ್ರದಕ್ಷಿಣೆ. ಅಂತರರಾಷ್ಟ್ರೀಯ ನಿಯಮದ ಮಟ್ಟ ಒಂದೂವರೆ ಮೀಟರ್, ಹೆಚ್ಚೂಕಡಿಮೆ ಹಳ್ಳಿಕಾರ್ ಎತ್ತಿನ ಕೊಂಬಿನೆತ್ತರ. ಇದನ್ನು ಕಾಕತಾಳೀಯ ಎನ್ನುವವರೊಡನೆ ಪ್ರಕೃತ ಲೇಖಕನು ಮಾತಾಡುವುದಿಲ್ಲ. ಆಮೇಲೆ ನೆತ್ತಿಯ ಮೇಲೆ ಹಾಯಿಸುವ ವಿಂಗ್‌ಓವರ್, ಅನಂತರ ಲಾಗ. ಲಾಗವನ್ನು ಗಾಳಿಗೆ ಬೆನ್ನು ಕೊಟ್ಟು ನಿಂತೇ ಹಾಕಿಸಬೇಕು. ಆಗ ಗಾಳಿ ವಿಮಾನವನ್ನು ಆಚೆಗೆ ತಳ್ಳಿ ತಂತಿ ಬಿಗಿಯಾಗಿಡುತ್ತದೆ. ಒಳಲಾಗ ಒಂದಕ್ಕೆ ತಂತಿಗಳು ಒಂದು ಸುತ್ತು ಹುರಿಗೊಳ್ಳುತ್ತವೆ, ಹೊರಲಾಗಕ್ಕೆ ಬಿಚ್ಚಿಕೊಳ್ಳುತ್ತವೆ. ಹಗ್ಗ ಹೊಸೆಯಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಗುಚಿ ಹಾರಿಸುವುದೇ ಕಬ್ಬಿಣದ ಕಡಲೆ. ಅಲ್ಲಿ ಮೇಲೆಂದರೆ ಕೆಳಗೆ. ಇಳಿಯುತ್ತಿದೆಯಲ್ಲಾ ಎಂದು ಗಾಬರಿಯಲ್ಲಿ ಮೇಲೆಳೆದವನು ವಿಮಾನವನ್ನು ಸೀದಾ ನೆಲಕ್ಕೆ ನಾಟಿ ಮಾಡುತ್ತಾನೆ. ಪಕ್ಕದ ಶುಂಠಿ ಮಡಿಯಲ್ಲಿ ನಾಟಿಯಾದರೆ ರಿಪೇರಿಗಿಂತ ಬೈಗುಳ ದುಬಾರಿ.

ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳು ವಾಯು ಸೈನಿಕ ಶಿಬಿರದಲ್ಲಿ ಇಂಥ ವಿಮಾನಗಳನ್ನು ಸ್ಪರ್ಧೆಗಾಗಿ ಹಾರಿಸುತ್ತಾರೆ. ಅಲ್ಲೂ ಮೇಟಿಗೆ ಪೂಜೆಯಿಲ್ಲ.

ಮುಂದಿನ ಸಂಶೋಧನೆಗೆ ಒಂದು ತೊಡಕಿದೆ. ಈಗ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರಡುತ್ತಾರೆ. ಒಕ್ಕಣೆ ಸರ್ಕಾರಿ ಬಸ್ಸಿನದು. ಬಸ್ಸು ಸುತ್ತುವುದಿಲ್ಲ, ನೆಟ್ಟಗೆ ಎಚ್.ಡಿ. ಕೋಟೆಗೆ ಹೋಗಿಬಿಡುತ್ತದೆ. ಹಗ್ಗ ಕಟ್ಟಿ ನೋಡೋಣವೆಂದರೆ ಕಂಡಕ್ಟರ್ ಒಪ್ಪುತ್ತಿಲ್ಲ.