ಬೆಂಚಿನ ಮೇಲಿನ ಆರ್ಕಿಟೆಕ್ಟು

ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಗ್ಗೆ ಆರೂವರೆಗೆ ನಿಂತು ನೋಡಿದರೆ ಯಾರು ಎಲ್ಲಿ ದುಡಿದವರು ಎಂದು ಕೇಳದೆಯೇ ಹೇಳಬಹುದು. ಮಂಕಿ ಕ್ಯಾಪು ಹಾಕಿಕೊಂಡು, ನಡೆಯುತ್ತಲೇ ಡಿಎ ಲೆಕ್ಕ ಒಪ್ಪಿಸುವವರು ಬ್ಯಾಂಕಿನವರು. ಗಡಿಯಾರ ನೋಡಿಕೊಂಡು ಸರಿಯಾಗಿ ನಲವತ್ತು ನಿಮಿಷ ನಡೆದು ಗೇಟು ದಾಟುವವರು ಎಚ್‌ಎಂಟಿಯವರು. ಒಂದು ಸುತ್ತು ಹಾಕಿ ಮೂರು ಸುತ್ತಿನಷ್ಟು ಹೊತ್ತು ಕಲ್ಲುಬೆಂಚಿನ ಮೇಲೆ ಕೂರುವ, ಯಾವುದೋ ಕಂಪನಿಯ ‘ಫ್ಯಾಮಿಲಿ ಡೇ 2011’ರ ಮಾಸಿದ ಟೀ ಶರ್ಟು ತೊಟ್ಟ, ಐವತ್ತು ದಾಟಿಯೂ ನಿವೃತ್ತರಲ್ಲದ, ಆದರೆ ಸೋಮವಾರವೂ ಅವಸರವಿಲ್ಲದ ಒಬ್ಬರು ಕಂಡರೆ ಅವರೇ ಸಾಫ್ಟ್‌ವೇರ್ ಅಂಕಲ್. ರಾಜಾಜಿನಗರಕ್ಕೊಬ್ಬರು, ವಿಜಯನಗರಕ್ಕಿಬ್ಬರು, ಚಂದ್ರಾ ಲೇಔಟಿನಲ್ಲಿ ಅಡ್ಡರಸ್ತೆಗೊಬ್ಬರು ಇದ್ದಾರೆ. ಇಲ್ಲಿ ಬರೆದಿರುವುದು ತಮ್ಮನ್ನೇ ಎಂದು ಯಾರೂ ಒಂಟಿಯಾಗಿ ಬೇಸರಪಡಬೇಕಿಲ್ಲ. ಜೊತೆಗೆ ಬೇಕಾದಷ್ಟು ಜನ ಸಿಗುತ್ತಾರೆ.

ಅವರ ಲೋಕದಲ್ಲಿ ‘ಬೆಂಚ್’ ಅಂದರೆ ಬೇರೆಯೇ. ಸಂಬಳವಿದ್ದು ಪ್ರಾಜೆಕ್ಟಿಲ್ಲದವರು ಬೆಂಚಿನ ಮೇಲಿರುತ್ತಾರೆ. ಪಾರ್ಕಿನ ಬೆಂಚಿನದು ಅದಕ್ಕೆ ತಿರುಗುಮುರುಗು: ಸಂಬಳವಿಲ್ಲ, ಪ್ರಾಜೆಕ್ಟಿಗೆ ಬರವಿಲ್ಲ. ಬೀದಿಯ ಅಷ್ಟೂ ಮಕ್ಕಳ ಭವಿಷ್ಯವೇ ಪ್ರಾಜೆಕ್ಟು.

ಅಂಕಲ್ ಹೆಸರು ಯಾರಿಗೂ ಬೇಕಿಲ್ಲ. ಗೇಟಿನ ಫಲಕದಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಹಳೆಯ ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಪ್ರಿನ್ಸಿಪಲ್ ಸೊಲ್ಯೂಷನ್ ಆರ್ಕಿಟೆಕ್ಟ್’ ಎಂದಿದೆ. ಆ ಮೂರು ಪದಗಳಲ್ಲಿ ಎದುರುಮನೆ ಅಜ್ಜಿಗೆ ಅರ್ಥವಾದದ್ದು ಕೊನೆಯದು. ತಮ್ಮ 30-40 ಸೈಟಿನ ಮೇಲೆ ಇನ್ನೊಂದು ಮಹಡಿ ಎಬ್ಬಿಸಲು ಪ್ಲಾನು ಬರೆದುಕೊಡು ಎಂದು ಆರು ವರ್ಷದಿಂದ ಕೇಳುತ್ತಲೇ ಇದ್ದಾರೆ.

“ನಾನು ಆ ಆರ್ಕಿಟೆಕ್ಟ್ ಅಲ್ಲ ಅಜ್ಜಿ.”

“ಗೊತ್ತಪ್ಪಾ, ನೀನು ದೊಡ್ಡ ದೊಡ್ಡದೇ ಕಟ್ಟೋನು. ನಮ್ದು ಚಿಕ್ಕದು ಅಂತ ಹಂಗನ್ಬೇಡ.”

ಅವರು ಕಟ್ಟಿದ್ದನ್ನು ಯಾರೂ ಕಣ್ಣಾರೆ ಕಂಡಿಲ್ಲ ಎಂಬುದೇ ತೊಡಕು. ಹಾಗೆಂದು ಅಂಕಲ್ ತಮ್ಮ ವೃತ್ತಿಯ ಕಣ್ಣನ್ನು ಮುಚ್ಚುವವರಲ್ಲ. ಗಣೇಶನ ಪೆಂಡಾಲು ನೋಡಿದರೂ, ದರ್ಶಿನಿಯವನು ಹೊಸದಾಗಿ ಇಟ್ಟ ಎರಡನೇ ದೋಸೆ ಕಾವಲಿ ನೋಡಿದರೂ, ಮದುವೆ ಊಟದ ಮೂರನೇ ಪಂಕ್ತಿ ಏಳುವುದನ್ನು ನೋಡಿದರೂ ಗಲ್ಲ ಸವರಿಕೊಂಡು ಒಂದೇ ಪ್ರಶ್ನೆ: “ಚೆನ್ನಾಗಿದೆ. ಆದ್ರೆ ಇದು ಸ್ಕೇಲ್ ಆಗುತ್ತಾ?”

ಒಂದು ಶನಿವಾರ ಮೂರನೇ ಕ್ರಾಸಿನ ಹುಡುಗಿಯೊಬ್ಬಳು ಬೆಂಚಿನ ಹತ್ತಿರ ಬಂದು ನಿಂತಳು. ಮಲ್ಲತ್ತಹಳ್ಳಿಯ ಅಂಬೇಡ್ಕರ್ ಇನ್‌ಸ್ಟಿಟ್ಯೂಟಿನಲ್ಲಿ ಕೊನೆಯ ಸೆಮಿಸ್ಟರು. ಮೂರೂವರೆ ಲಕ್ಷದ ಆಸುಪಾಸಿನ ಪ್ಯಾಕೇಜು. ಹದಿನೈದು ವರ್ಷದ ಹಿಂದೆ ಅವಳ ಸೋದರಮಾವನಿಗೆ ಸಿಕ್ಕಿದ್ದೂ ಹೆಚ್ಚೂಕಮ್ಮಿ ಅಷ್ಟೇ, ಆದರೆ ಅದು ಬೇರೆ ದುಃಖ. “ಅಂಕಲ್, ಟೆಸ್ಟಿಂಗ್‌ಗೆ ಆಫರ್ ಬಂದಿದೆ. ತಗೊಳ್ಳಲಾ, ಡೆವಲಪ್‌ಮೆಂಟ್ ಸಿಗೋವರ್ಗೂ ಕಾಯಲಾ?”

ಹೌದು ಅಥವಾ ಬೇಡ ಎಂದರೆ ಮುಗಿಯುವ ಪ್ರಶ್ನೆ. ಅಂಕಲ್ ಅವಳಿಗೆ ಕೂರಲು ಜಾಗ ಮಾಡಿ, “ನೋಡಮ್ಮಾ, 1995ರಲ್ಲಿ...” ಎಂದರು.

1995ರಲ್ಲಿ ಅವರು ಇಂಜಿನಿಯರಿಂಗ್ ಮುಗಿಸಿದ್ದು. ವಿಟಿಯು ಹುಟ್ಟಲು ಇನ್ನೂ ಮೂರು ವರ್ಷವಿತ್ತು. ಅಂಕಪಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಅಪ್ಪ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನಲ್ಲಿ ಮೋಟಾರಿಗೆ ವೈಂಡಿಂಗ್ ಮಾಡುತ್ತ ಮೂವತ್ತಮೂರು ವರ್ಷ ಕಳೆದವರು. ಕಾರ್ಖಾನೆಯ ಸೈರನ್ನಿಗೆ ತಿಂಡಿ, ಸೈರನ್ನಿಗೆ ಊಟ. ಮನೆ ಮುಂದೆ ಮೈಸೂರಿನ ಐಡಿಯಲ್ ಜಾವಾ ಕಂಪನಿಯ ಬೈಕು. ಮಗ ಒಂದು ಸಂಜೆ ಬಂದು, “ಅಪ್ಪಾ, ಜಾವಾ ಕಲೀತೀನಿ, ಫೀಸು ಬೇಕು” ಅಂದ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾದ ಮೊದಲ ಆವೃತ್ತಿಯನ್ನು ಹೊರತಂದದ್ದು 1996ರ ಜನವರಿಯಲ್ಲಿ. ಮೈಸೂರಿನ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ 1996ರಲ್ಲಿ. ಅಪ್ಪ ಪೇಪರಿನಿಂದ ತಲೆಯೆತ್ತದೆ ಹೇಳಿದರಂತೆ: “ಫ್ಯಾಕ್ಟರಿನೇ ಮುಚ್ತಾ ಇದಾರಲ್ಲೋ, ಈಗ ಜಾವಾ ಕಲ್ತು ಯಾವ ಗ್ಯಾರೇಜ್ ಇಡ್ತೀಯ?”

ಅಪ್ಪನಿಗೆ ವಿಷಯ ತಿಳಿಸಿ ಹೇಳುವಷ್ಟರಲ್ಲಿ ಆ ಬ್ಯಾಚು ಭರ್ತಿಯಾಯಿತು. ಇನ್‌ಸ್ಟಿಟ್ಯೂಟಿನಲ್ಲಿ ಸೀಟು ಉಳಿದಿದ್ದು ಕೋಬಾಲ್‌ಗೆ. 1959ರಲ್ಲಿ ಹುಟ್ಟಿದ, ಅಂಕಲ್‌ಗಿಂತ ವಯಸ್ಸಾದ ಭಾಷೆ. ಇದು ನಡೆದ ಸಂಗತಿ. ಬೆಂಚಿನ ಮೇಲೆ ಅದರ ಆವೃತ್ತಿ ಬೇರೆ: “ವೈ2ಕೆ ಬರುತ್ತೆ ಅಂತ ನಂಗೆ 96ರಲ್ಲೇ ವಾಸನೆ ಹೊಡೀತು. ಎಲ್ರೂ ಜಾವಾ ಅಂತ ಓಡ್ತಿದ್ರು, ನಾನು ಯೋಚನೆ ಮಾಡಿ ಕೋಬಾಲ್ ಹಿಡ್ದೆ.”

ವೈ2ಕೆಯನ್ನು ಮಾತ್ರ ಅವರು ಸೊಗಸಾಗಿ ವಿವರಿಸುತ್ತಾರೆ, ಇದನ್ನು ಒಪ್ಪಲೇಬೇಕು. ಕಂಪ್ಯೂಟರಿನ ಮೆಮೊರಿ ಬಂಗಾರದ ಬೆಲೆಯಿದ್ದ ಕಾಲದಲ್ಲಿ 1967 ಎಂದು ಬರೆಯುವ ಬದಲು 67 ಎಂದು ಬರೆದು ಎರಡಂಕಿ ಉಳಿಸಿದ್ದರು. 99 ಕಳೆದು 00 ಬಂದಾಗ ಯಂತ್ರ ಅದನ್ನು 1900 ಎಂದುಕೊಂಡರೆ ಬಡ್ಡಿ, ವಿಮೆ, ಪಿಂಚಣಿ ಎಲ್ಲ ಅಡ್ಡಾದಿಡ್ಡಿ. ಜೊತೆಗೆ ಫೆಬ್ರವರಿ 29ರ ಪೇಚು: ಶತಮಾನದ ವರ್ಷ 400ರಿಂದ ಭಾಗವಾದರಷ್ಟೇ ಅಧಿಕ ವರ್ಷ. 1900 ಅಲ್ಲ, 2000 ಹೌದು. ಇಂಥ ಸಾಲುಗಳನ್ನು ಲಕ್ಷಗಟ್ಟಲೆ ಹುಡುಕಿ ತಿದ್ದಲು ಅಮೆರಿಕಕ್ಕೆ ಕೈಗಳು ಬೇಕಾದವು. 65,000 ಇದ್ದ ಎಚ್-1ಬಿ ವೀಸಾದ ವಾರ್ಷಿಕ ಮಿತಿಯನ್ನು 1999ಕ್ಕೆ 1,15,000ಕ್ಕೆ ಏರಿಸಿದರು. ಆ ಕೈಗಳಲ್ಲಿ ಎರಡು ಬಸವೇಶ್ವರನಗರದವು. ಹಪ್ಪಳ, ಚಟ್ನಿಪುಡಿ, ಪ್ರೆಶರ್ ಕುಕ್ಕರಿನ ಸಮೇತ ನ್ಯೂಜೆರ್ಸಿಗೆ ಹೋದವು.

ವಾಪಸಾದದ್ದು 2001ರಲ್ಲಿ. “ಅಪ್ಪ ಅಮ್ಮ ಇಲ್ಲಿ ಇಬ್ರೇ ಆಗ್ಬಿಡ್ತಾರೆ ಅಂತ ಬಂದ್ಬಿಟ್ಟೆ” ಎನ್ನುವಾಗ ಅಂಕಲ್ ಗಂಟಲು ಒಂದಿಷ್ಟು ಕಟ್ಟುತ್ತದೆ. ಡಾಟ್‌ಕಾಂ ಗುಳ್ಳೆ ಒಡೆದು ಪ್ರಾಜೆಕ್ಟೇ ಎದ್ದುಹೋದದ್ದನ್ನು ಅವರ ಶ್ರೀಮತಿಯವರು ಅಡುಗೆಮನೆಯಿಂದಲೇ ನೆನಪಿಸುತ್ತಾರೆ: “ಟೀವಿ ಮಾರೋಕೂ ಟೈಮ್ ಕೊಡ್ಲಿಲ್ವಲ್ರೀ ಅವ್ರು!” ಪಾರ್ಕಿನಲ್ಲಿ ಅಡುಗೆಮನೆ ಇಲ್ಲ. ಸಲಹೆಗಳು ಅಲ್ಲಿ ಅಷ್ಟು ನಿರಾತಂಕವಾಗಿ ಹರಿಯಲು ಇದೂ ಒಂದು ಕಾರಣವಿರಬಹುದು.

ಆಮೇಲಿನ ಇಪ್ಪತ್ತೆರಡು ವರ್ಷಗಳನ್ನು ಅವರು ಏಳು ಕಂಪನಿಗಳ ಹೆಸರಿನಲ್ಲಿ ಹೇಳುತ್ತಾರೆ. ನಿಜಕ್ಕೂ ಹೇಳಬೇಕಾದದ್ದು ರಸ್ತೆಗಳ ಹೆಸರಿನಲ್ಲಿ. ಮನೆ ಊರಿನ ಪಡುವಣಕ್ಕೆ, ಕೆಲಸ ಮೂಡಣಕ್ಕೆ. ಬೆಳಗ್ಗೆ ಹೊರಟರೆ ಕಣ್ಣಿಗೆ ಸೂರ್ಯ, ಸಂಜೆ ಹಿಂದಿರುಗಿದರೂ ಕಣ್ಣಿಗೇ ಸೂರ್ಯ. ವೈಟ್‌ಫೀಲ್ಡಿಗೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶವೆಲ್ಲ ಜಗಳವಾಡಿತು. ಅಂಕಲ್ ಮಾತ್ರ ಶಾಂತವಾಗಿದ್ದರು. “ನಾವು 2005ರಲ್ಲೇ ಮಾಡಿದೀವಿ. ಅದರಲ್ಲಿ ಇಪ್ಪತ್ತು ಗಂಟೆ ಬಸ್ಸಲ್ಲಿ.”

ಪಡುವಣದವರ ಅಸೂಯೆಗೆಲ್ಲ ಒಂದೇ ವಿಳಾಸವಿತ್ತು: ಮೈಸೂರು ರಸ್ತೆಯಲ್ಲಿ ಆರ್.ವಿ. ಕಾಲೇಜಿನ ಹತ್ತಿರದ ಗ್ಲೋಬಲ್ ವಿಲೇಜ್. ಕಾಫಿ ಡೇ ಸಿದ್ಧಾರ್ಥ ಅವರ ಬಳಗ ಕಟ್ಟಿದ ಆ ಆವರಣದಲ್ಲಿ ಮೈಂಡ್‌ಟ್ರೀ ಇತ್ತು. ಅಲ್ಲಿ ಕೆಲಸ ಸಿಕ್ಕಿದ ಕೆಂಗೇರಿ ಉಪನಗರದ ಹುಡುಗರು ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಸಾರು ಉಂಡು ಹೋಗುತ್ತಾರಂತೆ ಎಂಬ ಸುದ್ದಿ ಕೇಳಿ, ಡಬ್ಬಿಯ ತಣ್ಣನೆ ಚಿತ್ರಾನ್ನ ತಿನ್ನುತ್ತಿದ್ದ ವೈಟ್‌ಫೀಲ್ಡಿನವರು ಅವರನ್ನು ಮನೆ ಅಳಿಯಂದಿರಂತೆ ಕಾಣುತ್ತಿದ್ದರು. ಅಂಕಲ್ ಇನ್ನೊಂದು ಇಂಟರ್‌ವ್ಯೂವನ್ನೂ ನೆನೆಯುತ್ತಾರೆ. ಅದು ಮನೆಗೆ ಹತ್ತಿರದ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ. ಒರಾಯನ್ ಮಾಲೂ ಸೇರಿದಂತೆ ಆ ಜಾಗವೆಲ್ಲ ಮೊದಲು ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನದು. ಅಪ್ಪ ಮೋಟಾರಿಗೆ ತಂತಿ ಸುತ್ತಿದ ನೆಲದ ಮೇಲೆ, ಗಾಜಿನ ಕೋಣೆಯಲ್ಲಿ, ಮಗನ ವಯಸ್ಸಿನವನೊಬ್ಬ ಲಿಂಕ್ಡ್ ಲಿಸ್ಟನ್ನು ಹಿಂದುಮುಂದು ಮಾಡಿ ತೋರಿಸಿ ಅಂದ. ಹದಿನೆಂಟು ವರ್ಷದ ಅನುಭವ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತೇ ಇತ್ತು. ಮುಂದೇನಾಯಿತೆಂದು ಅವರು ಹೇಳುವುದಿಲ್ಲ. “ಆ ಕಲ್ಚರ್ ನಂಗೆ ಹಿಡಿಸ್ಲಿಲ್ಲ” ಎನ್ನುತ್ತಾರೆ.

2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗ ಪೂರ್ಣಗೊಂಡು, ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರ್ ಮೆಟ್ರೊ ಓಡಿತು. ವಿಜಯನಗರದಲ್ಲಿ ಹತ್ತಿದರೆ ಎಲ್ಲೂ ಇಳಿಯದೆ ಆಫೀಸು. ಅಂಕಲ್ ಸ್ಮಾರ್ಟ್ ಕಾರ್ಡು ಕೊಂಡು ಸಾವಿರ ರೂಪಾಯಿ ತುಂಬಿಸಿದರು. ನವೆಂಬರಿನಲ್ಲಿ ಕಂಪನಿ ಅವರನ್ನು ಕರೆದು, ಅವರ ಹುದ್ದೆಯ ‘ಮರುರಚನೆ’ಯಾಗಿದೆ ಎಂದು ನಯವಾಗಿ ತಿಳಿಸಿತು. ಕಾರ್ಡಿನಲ್ಲಿ ಇನ್ನೂ ದುಡ್ಡಿದೆ.

ಇಷ್ಟು ಹೇಳುವಷ್ಟರಲ್ಲಿ ಬಿಸಿಲು ಬೆಂಚಿಗೆ ಬಂದಿತ್ತು. ಈಗ ಸಲಹೆಯ ಸರದಿ. ಅವು ಹವಾಮಾನದಂತೆ ಬದಲಾಗುತ್ತವೆ. ಕಾಫಿಗೆ ಮುಂಚೆ ಸಿಕ್ಕವರಿಗೆ “ಎರಡು ವರ್ಷಕ್ಕೊಂದ್ಸಲ ಕಂಪನಿ ಬದಲಾಯಿಸು, ಇಲ್ದಿದ್ರೆ ಸಂಬಳ ಏರಲ್ಲ.” ಕಾಫಿಯ ನಂತರ ಸಿಕ್ಕವರಿಗೆ “ಒಂದೇ ಕಡೆ ಬೇರು ಬಿಡು, ನಮ್ಮಪ್ಪನ್ನ ನೋಡು.” ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕೆಂದು 1972ರ ಕಾಯ್ದೆ ಹೇಳುತ್ತಿತ್ತು, ಏಳು ಕಂಪನಿಗಳಲ್ಲಿ ಅಂಕಲ್ ಆ ಗೆರೆ ದಾಟಿದ್ದು ಒಂದೇ ಒಂದು ಸಲ. ಅಪ್ಪ ಒಂದೇ ಚೆಕ್ಕಿನಲ್ಲಿ ಬಂದ ಗ್ರಾಚ್ಯುಟಿಯಿಂದ ಮೊದಲ ಮಹಡಿ ಕಟ್ಟಿದರು. ಮಗ ಇಂದು ಅದೇ ಮಹಡಿಯ ಬಾಡಿಗೆ ನೆಚ್ಚಿಕೊಂಡು ತನ್ನನ್ನು ‘ಕನ್ಸಲ್ಟೆಂಟ್’ ಎಂದು ಕರೆದುಕೊಳ್ಳುತ್ತಾರೆ.

ಅವರ ಮಾತೆಲ್ಲ ಪೊಳ್ಳು ಎಂದರೆ ಅನ್ಯಾಯವಾದೀತು. ದೊಡ್ಡ ಮಾತುಗಳ ಸಂದಿಯಲ್ಲಿ ಉದುರಿಸುವ ಸಣ್ಣವು ಇವೆಯಲ್ಲ, ಅವನ್ನು ಆಯ್ದುಕೊಂಡವರು ಜಾಣರು. ಶುಕ್ರವಾರ ಸಂಜೆ ಪ್ರೊಡಕ್ಷನ್ ಸರ್ವರಿಗೆ ಕೈ ಹಾಕಬೇಡ. ಎರರ್ ಬಂದರೆ ಗಾಬರಿಯಾಗುವ ಮುಂಚೆ ಅದರಲ್ಲಿ ಬರೆದಿರುವುದನ್ನು ಪೂರ್ತಿ ಓದು. ಹೊಸ ಆಫರ್ ಲೆಟರ್ ಕೈಗೆ ಬರದೆ ಹಳೆ ಕೆಲಸಕ್ಕೆ ರಾಜೀನಾಮೆ ಕೊಡಬೇಡ. ರಿಲೀವಿಂಗ್ ಲೆಟರುಗಳನ್ನೆಲ್ಲ ಒಂದೇ ಫೈಲಿನಲ್ಲಿಡು. ಒಂದು ಕಳೆದುಹೋದರೆ ಮುಚ್ಚಿಹೋದ ಕಂಪನಿಯ ಮುಂದೆ ನಿಂತು ಯಾರನ್ನು ಕೇಳುತ್ತೀಯ? ಈ ಕೊನೆಯದನ್ನು ಹೇಳುವಾಗ ಅವರು ಹುಡುಗಿಯನ್ನು ನೋಡಲಿಲ್ಲ, ಮರ ನೋಡುತ್ತಿದ್ದರು.

“ಎಐ ಬಂದ್ರೆ ನಮ್ ಕೆಲ್ಸ ಎಲ್ಲಾ ಹೋಗುತ್ತಂತೆ, ಅಂಕಲ್?”

ಅಂಕಲ್ ನಕ್ಕರು. ಅವರ ಬಳಿ ಬ್ರಹ್ಮಾಸ್ತ್ರವಿದೆ. ಯುನಿಕ್ಸ್ ಬಳಗದ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದಿವೆ. 32 ಬಿಟ್ಟಿನ ಚೀಲದಲ್ಲಿ ಎಣಿಕೆ ತುಂಬಿಡುವ ಹಳೆಯ ವ್ಯವಸ್ಥೆಗಳಲ್ಲಿ ಆ ಚೀಲ 2038ರ ಜನವರಿ 19ರಂದು ತುಂಬುತ್ತದೆ. ಮರುಕ್ಷಣ ತಾರೀಖು 1901ಕ್ಕೆ ಜಿಗಿಯುತ್ತದೆ. “ನಮ್ ಟೈಮಲ್ಲಿ ಬೆಳಗ್ಗೆ ಎಂಟು ನಲವತ್ನಾಲ್ಕು, ಏಳು ಸೆಕೆಂಡು. ಮಂಗಳವಾರ. ಆಗ ಹಳೇ ಕೋಡ್ ಓದಕ್ ಬರೋರು ಯಾರಿರ್ತಾರೆ? ನನ್ನನ್ನೇ ಕರೀಬೇಕು.” ಆಗ ಅವರಿಗೆ ಅರವತ್ತೈದು. ಎಂಟು ನಲವತ್ನಾಲ್ಕು ತಿಂಡಿಯ ಹೊತ್ತು ಎಂಬುದೊಂದೇ ಸಣ್ಣ ಅಡಚಣೆ.

ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಹುಡುಗಿ ಎದ್ದು ಬ್ಯಾಗು ಹೆಗಲಿಗೇರಿಸಿದಳು. “ಥ್ಯಾಂಕ್ಸ್ ಅಂಕಲ್. ಆಫರ್ ನಿನ್ನೆ ರಾತ್ರಿನೇ ಅಕ್ಸೆಪ್ಟ್ ಮಾಡ್ಬಿಟ್ಟೆ. ಅಮ್ಮ ‘ಅಂಕಲ್‌ನ ಒಂದ್ ಮಾತು ಕೇಳು, ಇಲ್ದಿದ್ರೆ ಬೇಜಾರ್ ಮಾಡ್ಕೋತಾರೆ’ ಅಂದ್ರು.”

ಅಂಕಲ್ ಬೇಜಾರು ಮಾಡಿಕೊಳ್ಳಲಿಲ್ಲ. ಒಳ್ಳೇ ನಿರ್ಧಾರ, ತಾನೂ ಅದನ್ನೇ ಹೇಳುವವನಿದ್ದೆ ಎಂದರು. ಮನೆ ಕಡೆ ಬರುವಾಗ ಎದುರುಮನೆ ಅಜ್ಜಿ ಗೇಟಿನಲ್ಲೇ ಕಾದಿದ್ದರು. ಕೈಯಲ್ಲಿ ಮೇಸ್ತ್ರಿ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಲ್ಲಿ ಗೀಚಿಕೊಟ್ಟ ಪ್ಲಾನು: ಕೆಳಗೆ ಕಾರು, ಮೇಲೆ ಎರಡು ಮನೆ, ಅದರ ಮೇಲೊಂದು ಶೀಟಿನ ರೂಮು. ಅಂದು ಏನನ್ನಿಸಿತೋ, ಅಂಕಲ್ ಇಲ್ಲವೆನ್ನಲಿಲ್ಲ. ಕಾಂಪೌಂಡಿನ ಮೇಲೆ ಕಾಗದ ಹರಡಿ, ಕನ್ನಡಕ ಏರಿಸಿ, ಕಂಬಗಳನ್ನು ಎಣಿಸಿ, ಗಲ್ಲ ಸವರಿಕೊಂಡರು.

“ಚೆನ್ನಾಗಿದೆ ಅಜ್ಜಿ. ಆದ್ರೆ ಇದು ಸ್ಕೇಲ್ ಆಗುತ್ತಾ?”

“ಒಳಗಿದೆ ಕಣಪ್ಪಾ, ಮೊಮ್ಮಗನ ಕಂಪಾಸ್ ಬಾಕ್ಸಲ್ಲಿ,” ಎಂದು ಅಜ್ಜಿ ತರಲು ಹೋದರು.